ಮಾಳಿಗೆ ಸಾಲಿಗೆ ‘ಕಚ್ಚಾ’ ಎಂಬ ಮುದ್ರೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳೆಯ ಊರುಗಳಲ್ಲಿ ಈಗ ಒಂದು ಮಾತಿಗೆ ಎದುರಾಡುವವರಿಲ್ಲ. ಮಣ್ಣಿನ ಮಾಳಿಗೆಯ ಮನೆ ಎಂದರೆ ಬಡತನ, ಆರ್‌ಸಿಸಿ ಮನೆ ಎಂದರೆ ಏಳಿಗೆ. ಪಂಚಾಯಿತಿಯ ಕಡತ ಹೇಳುವುದೂ ಅದನ್ನೇ, ಎಂಜಿನಿಯರರ ವರದಿ ಹೇಳುವುದೂ ಅದನ್ನೇ, ಹೆಣ್ಣು ಕೊಡಲು ಬಂದ ಬೀಗರು ಕೇಳುವುದೂ ಅದನ್ನೇ. ‘ಆರ್‌ಸಿಸಿ ಮನಿ ಐತೇನ್ರಿ?’ ಎಂಬ ಪ್ರಶ್ನೆಗೆ ‘ಐತ್ರಿ’ ಅನ್ನಲಾಗದ ಅಪ್ಪ ತಲೆ ತಗ್ಗಿಸುತ್ತಾನೆ. ಅವನ ಬೆನ್ನ ಹಿಂದೆ ಎರಡು ಅಡಿ ದಪ್ಪದ ಕಲ್ಲುಗೋಡೆಯಿದೆ, ಮೂರು ತಲೆಮಾರು ಹೊತ್ತು ನಿಂತ ಸಾಗವಾನಿ ಕಂಬಗಳಿವೆ. ಆದರೂ ಆ ಮನೆಯ ಹೆಸರು ‘ಕಚ್ಚಾ ಮನೆ’.

ಈ ಹೆಸರನ್ನು ಇಟ್ಟವರು ಊರಿನವರಲ್ಲ. 2011ರ ಜನಗಣತಿಯ ಮನೆಪಟ್ಟಿಯಲ್ಲಿ ಚಾವಣಿಯ ಕಾಲಂ ಒಂದಿತ್ತು. ಅದರಲ್ಲಿ ಹುಲ್ಲು, ಗರಿ, ಬಿದಿರು, ಕಟ್ಟಿಗೆ, ಮಣ್ಣು ಎಲ್ಲಕ್ಕೂ ಸೇರಿಸಿ ಒಂದೇ ಸಂಕೇತ. ಅಂದರೆ ಹೊಲದ ಗುಡಿಸಲಿನ ಮೇಲಿನ ಹುಲ್ಲೂ, ಊರ ನಡುವೆ ಒಂದಡಿ ದಪ್ಪಕ್ಕೆ ಕುಟ್ಟಿ ಕೂಡಿಸಿದ ಮಾಳಿಗೆಯೂ ಲೆಕ್ಕದಲ್ಲಿ ಒಂದೇ. ಗೋಡೆಯ ಕಾಲಂನಲ್ಲೂ ಗಾರೆ ಹಾಕಿದ ಕಲ್ಲು ಒಂದು ಕಡೆ, ಗಾರೆಯಿಲ್ಲದ ಕಲ್ಲು ಇನ್ನೊಂದು ಕಡೆ. ಅದೇ ವರ್ಷ ನಡೆದ ಸಾಮಾಜಿಕ, ಆರ್ಥಿಕ ಹಾಗೂ ಜಾತಿ ಗಣತಿಯು ಕಚ್ಚಾ ಗೋಡೆ, ಕಚ್ಚಾ ಚಾವಣಿಯ ಒಂದು ಕೋಣೆಯ ಮನೆಯನ್ನು ವಂಚಿತ ಕುಟುಂಬದ ಮೊದಲ ಗುರುತಾಗಿ ಬಳಸಿತು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಪಟ್ಟಿ ಹುಟ್ಟಿದ್ದು ಆ ಗಣತಿಯಿಂದ. ಕುಟುಂಬದ ಬಡತನವನ್ನು ಅಳೆಯಲು ಹೊರಟ ಕೋಲು ಕೊನೆಗೆ ಕಟ್ಟಡದ ಗುಣಕ್ಕೆ ತೀರ್ಪು ಕೊಡುವ ಕೋಲಾಯಿತು.

ಆ ತೀರ್ಪು ತಪ್ಪು. ಮಣ್ಣಿನ ಮನೆ ಚೆಂದ, ಹಳೆಯದೆಲ್ಲ ಒಳ್ಳೆಯದು ಎಂಬ ಹಂಬಲದಿಂದ ಈ ಮಾತನ್ನು ಹೇಳಬೇಕಾಗಿಲ್ಲ. ತಪ್ಪಿರುವುದು ಅಳತೆಯಲ್ಲಿ. ಸರಕಾರದ ಅರ್ಜಿ ಒಂದೊಂದೇ ಮನೆಯನ್ನು ಬಿಡಿಯಾಗಿ ನೋಡುತ್ತದೆ. ಈ ಭಾಗದ ಮಾಳಿಗೆ ಮನೆಯನ್ನು ಬಿಡಿಯಾಗಿ ಯಾರೂ ಕಟ್ಟಿದ್ದಿಲ್ಲ. ಅದು ಸಾಲಿನ ಕಟ್ಟಡ. ಒಂದು ಗೋಡೆ ಎರಡು ಮನೆಗೆ ಆಸರೆ, ಒಂದು ಮಾಳಿಗೆಯ ಅಂಚು ಇನ್ನೊಂದು ಮಾಳಿಗೆಗೆ ಕೂಡು. ಸಾಲನ್ನು ಬಿಡಿಬಿಡಿಯಾಗಿ ಒಡೆದು ನೀತಿ ರೂಪಿಸಿದವರು, ಒಡೆದ ಮೇಲೆ ಉಳಿದ ಮನೆಗಳು ಬೀಳುವುದನ್ನು ತೋರಿಸಿ ‘ನೋಡಿ, ಹೇಳಿರಲಿಲ್ಲವೇ?’ ಎನ್ನುತ್ತಿದ್ದಾರೆ.

ಈ ಸಾಲು ಹೇಗೆ ನಿಂತಿದೆ ಎಂಬುದನ್ನು ಮೊದಲು ನೋಡಬೇಕು. ಹಳೆಯ ಊರಿನ ಅಗಸಿಯೊಳಗೆ ಕಾಲಿಟ್ಟರೆ ಓಣಿಯ ಎರಡೂ ಬದಿಗೆ ಗೋಡೆಗೆ ಗೋಡೆ ಕೂಡಿದ ಮನೆಗಳು. ಬೀದಿಗೆ ಕಾಣುವುದು ಕಲ್ಲಿನ ಮುಖ, ಒಂದು ಕಟ್ಟೆ, ಒಂದು ತಲೆಬಾಗಿಲು. ಕಿಟಕಿ ಕಡಿಮೆ, ಇದ್ದರೂ ಚಿಕ್ಕದು. ಒಳಗೆ ಹೋದರೆ ದನ ಕಟ್ಟುವ ಜಾಗ ತಗ್ಗಿನಲ್ಲಿ, ಪಡಸಾಲೆ ಎತ್ತರದಲ್ಲಿ, ಅದರ ಹಿಂದೆ ಅಡುಗೆ ಮನೆ, ದೇವರ ಮನೆ. ಮನೆಯ ಅಳತೆಯನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತಾರೆ. ನಾಲ್ಕು ಕಂಬಗಳ ನಡುವಿನ ಜಾಗ ಒಂದು ಅಂಕಣ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಇದನ್ನೇ ಖಣ ಎನ್ನುತ್ತಾರೆ. ಅಣ್ಣ ತಮ್ಮಂದಿರು ಪಾಲಾದಾಗ ಅಂಕಣಗಳ ಲೆಕ್ಕದಲ್ಲಿ ಮನೆ ಹಂಚಿಕೆಯಾಗುತ್ತಿತ್ತು. ನಡುವೆ ಒಂದು ಗೋಡೆ ಏಳುತ್ತಿತ್ತು, ಮೇಲಿನ ಮಾಳಿಗೆ ಹಾಗೇ ಇರುತ್ತಿತ್ತು. ಬೇಸಿಗೆಯಲ್ಲಿ ಹೆಂಗಸರು ಶ್ಯಾವಿಗೆ, ಹಪ್ಪಳ, ಕೆಂಪು ಮೆಣಸಿನಕಾಯಿ ಒಣಹಾಕಲು ನಿಚ್ಚಣಿಕೆ ಏರಿದರೆ, ಬೀದಿಗಿಳಿಯದೆ ಓಣಿಯ ಆ ತುದಿಯವರೆಗೆ ಮಾಳಿಗೆಯ ಮೇಲೇ ನಡೆದು ಹೋಗಬಹುದಿತ್ತು.

ಮಾಳಿಗೆಯ ಕೆಲಸವೂ ಅಡ್ಡಾದಿಡ್ಡಿಯದಲ್ಲ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ. ಅದರ ಮೇಲೆ ಹಲಗೆ ಇಲ್ಲವೆ ತೊಗರಿ ಕಟ್ಟಿಗೆ, ಹುಳ ಹಿಡಿಯದಂತೆ ಬೇವಿನ ಸೊಪ್ಪು. ಆಮೇಲೆ ನೀರು ಜಿನುಗದ ಬಿಳಿಮಣ್ಣು, ಪದರ ಪದರವಾಗಿ, ಕುಟ್ಟಿ ಕುಟ್ಟಿ. ನಡುವೆ ಬೆಳಕಿಂಡಿ, ಮಳೆ ಬಂದಾಗ ಅದರ ಮೇಲೊಂದು ಕಲ್ಲಿನ ಮುಚ್ಚಳ. ಮಳೆಗಾಲಕ್ಕೆ ಮುಂಚೆ ಬಂಡಿಯಲ್ಲಿ ಹೊಸ ಮಣ್ಣು ತಂದು ಹರವುವುದು ಇಡೀ ಓಣಿಯ ಕೆಲಸ, ಏಕೆಂದರೆ ಒಬ್ಬ ತಪ್ಪಿಸಿದರೆ ಸೋರುವುದು ಇಬ್ಬರ ಮನೆ. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ, ವರ್ಷಕ್ಕೆ 700–800 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಾಡಿಗೆ ಇದಕ್ಕಿಂತ ಸರಿಯಾದ ಚಾವಣಿಯನ್ನು ಇಲ್ಲಿ ಇನ್ನೂ ಯಾರೂ ತೋರಿಸಿಲ್ಲ. ಮಳೆ ಹೆಚ್ಚಿನ ಮಲೆನಾಡಿಗೆ ಇಳಿಜಾರಿನ ಹೆಂಚು ಬೇಕು. ಇಲ್ಲಿಗೆ ಬೇಕಾದದ್ದು ಬಿಸಿಲು ತಡೆಯುವ ಭಾರ.

ಆ ಭಾರ ಏನು ಮಾಡುತ್ತದೆ? ದಪ್ಪ ಮಣ್ಣು ಹಗಲಿನ ಕಾವನ್ನು ನಿಧಾನವಾಗಿ ಹೀರಿ ಗಂಟೆಗಟ್ಟಲೆ ತಡೆದಿಡುತ್ತದೆ. ಒಳಗೆ ಕಾವು ಇಳಿಯುವ ಹೊತ್ತಿಗೆ ಹೊರಗೆ ರಾತ್ರಿಯ ಗಾಳಿ ಬೀಸುತ್ತಿರುತ್ತದೆ, ಮನೆಯವರು ಮಾಳಿಗೆಯ ಮೇಲೆ ಮಲಗಿರುತ್ತಾರೆ. ನಾಲ್ಕೈದು ಇಂಚಿನ ಕಾಂಕ್ರೀಟು ಸ್ಲ್ಯಾಬಿಗೆ ಆ ತಾಳ್ಮೆಯಿಲ್ಲ. ಮಧ್ಯಾಹ್ನದ ಕಾವನ್ನು ಸಂಜೆಯೊಳಗೆ ಕೆಳಗೆ ಬಿಟ್ಟುಬಿಡುತ್ತದೆ. ಸಾಲಿನ ಮನೆಗೆ ಇನ್ನೊಂದು ಲಾಭವಿದೆ. ಎರಡೂ ಪಕ್ಕದ ಗೋಡೆಗಳು ನೆರೆಮನೆಯವು ಆದ್ದರಿಂದ ಅವುಗಳಿಗೆ ಬಿಸಿಲೇ ಬೀಳುವುದಿಲ್ಲ. ಅದೇ ಮನೆಯನ್ನು ಲೇಔಟಿನಲ್ಲಿ ನಾಲ್ಕೂ ಕಡೆ ಜಾಗ ಬಿಟ್ಟು ಒಂಟಿಯಾಗಿ ಕಟ್ಟಿದರೆ ನಾಲ್ಕೂ ಗೋಡೆ, ಮೇಲೆ ಸ್ಲ್ಯಾಬು, ಐದು ಮೈಯೂ ಕಾಯುತ್ತವೆ. ಆಮೇಲೆ ಕೂಲರ್ ಬೇಕು, ಕರೆಂಟು ಬೇಕು, ಕರೆಂಟು ಹೋದಾಗ ಹೊರಗೆ ಓಡಿಬರುವ ಕಾಲೂ ಬೇಕು. ‘ಪಕ್ಕಾ’ ಎಂಬ ಕಾಲಂನಲ್ಲಿ ಇದ್ಯಾವುದಕ್ಕೂ ಅಂಕವಿಲ್ಲ.

ಕಲ್ಲಿನ ಕತೆ ಇನ್ನೂ ವಿಚಿತ್ರ. ಆಳಂದ, ಅಫಜಲಪುರದ ಕಡೆಗೆ ನೆಲದಡಿ ಕಪ್ಪು ಬಸಾಲ್ಟ್ ಕಲ್ಲು. ಭೀಮಾ ನದಿಯ ಕೆಳಭಾಗಕ್ಕೆ, ಜೇವರ್ಗಿ, ಶಹಾಬಾದ, ಚಿತ್ತಾಪುರದ ಕಡೆಗೆ ಬಂದಂತೆ ಪದರ ಪದರವಾಗಿ ಏಳುವ ಸುಣ್ಣದಕಲ್ಲು, ಜನರ ಬಾಯಲ್ಲಿ ಶಹಾಬಾದ ಫರಸಿ. ಇದೇ ಸುಣ್ಣದಕಲ್ಲಿನಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಭೀಮಾ ತೀರದ ಸನ್ನತಿ ಸಮೀಪದ ಕನಗನಹಳ್ಳಿಯ ಮಹಾಸ್ತೂಪ ಎದ್ದಿತ್ತು. ‘ರಾಯೊ ಅಸೋಕೊ’ ಎಂಬ ಬರಹವಿರುವ ಅಶೋಕನ ಉಬ್ಬುಚಿತ್ರ ಸಿಕ್ಕದ್ದು ಅಲ್ಲಿನ ಚಪ್ಪಡಿಯ ಮೇಲೆ. ಅದೇ ಕಲ್ಲು ಊರುಗಳಲ್ಲಿ ನೆಲವಾಯಿತು, ಕಟ್ಟೆಯಾಯಿತು, ಗೋಡೆಯಾಯಿತು, ಎಷ್ಟೋ ಕಡೆ ಮಾಳಿಗೆಯ ಹಾಸೂ ಆಯಿತು. ಇವತ್ತು ಅದೇ ಸುಣ್ಣದಕಲ್ಲನ್ನು ಅಗೆದು, ವಾಡಿ, ಮಳಖೇಡ, ಸೇಡಂ ಕಾರ್ಖಾನೆಗಳ ಕುಲುಮೆಯಲ್ಲಿ ಸುಮಾರು 1450 ಡಿಗ್ರಿಗೆ ಸುಟ್ಟು, ಪುಡಿ ಮಾಡಿ, ಚೀಲ ತುಂಬಿ, ಅದೇ ಊರಿಗೆ ತಂದು ಮಾರುತ್ತಾರೆ. ಚೀಲದಲ್ಲಿ ಬಂದರೆ ಪಕ್ಕಾ, ಗಣಿಯಿಂದ ನೇರ ಬಂದರೆ ಕಚ್ಚಾ.

ಸಾಲಿನ ಕಟ್ಟಡ ಈ ಸೀಮೆಗೆ ಹೊಸದೂ ಅಲ್ಲ, ಬಡವರ ಗತಿಗೇಡೂ ಅಲ್ಲ. ಕಲಬುರಗಿಯ ಬಹಮನಿ ಕಾಲದ ಬಜಾರಿನ ಅಳತೆಯನ್ನು ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್ ಬರೆದಿಟ್ಟಿದ್ದಾನೆ. ಉದ್ದ 570 ಅಡಿ, ಅಗಲ 60 ಅಡಿ, ಎರಡೂ ಬದಿಗೆ 61 ಕಮಾನುಗಳ ಸಾಲು, ಎರಡೂ ತುದಿಗೆ ಅಲಂಕಾರದ ಕಟ್ಟಡ. ಅಲ್ಲಿ ಒಂದು ಕಮಾನನ್ನು ಬಿಡಿಸಿ ನೋಡಿದರೆ ಹೆಚ್ಚೇನೂ ಇಲ್ಲ. ಅರವತ್ತೊಂದು ಒಟ್ಟಿಗೆ ನಿಂತದ್ದರಿಂದ ಅದು ರಾಜಧಾನಿಯ ಬೀದಿಯಾಯಿತು. ಹಳ್ಳಿಯ ಓಣಿಯಲ್ಲಿ ಕಮಾನಿಲ್ಲ, ಅರಸನ ಖಜಾನೆಯೂ ಇಲ್ಲ. ಲೆಕ್ಕ ಮಾತ್ರ ಅದೇ.

ಈಗ ಆ ಲೆಕ್ಕವನ್ನು ಹೇಗೆ ಕೆಡಿಸುತ್ತಾರೆ ಎಂಬುದನ್ನು ನೋಡೋಣ. ಆವಾಸ್ ಯೋಜನೆ ಬಯಲು ಸೀಮೆಯ ಒಂದು ಮನೆಗೆ 1.20 ಲಕ್ಷ ರೂಪಾಯಿ ನೆರವು ಕೊಡುತ್ತದೆ, ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಹಣ ಹೊಸ ಮನೆಗೆ ಮಾತ್ರ. ಅಡಿಪಾಯ, ಗೋಡೆ, ಚಾವಣಿ ಎಂದು ಹಂತ ಹಂತದ ಫೋಟೊ ಹೋದಂತೆ ಕಂತು ಬರುತ್ತದೆ. ಬೇರೆ ನಿವೇಶನವಿಲ್ಲದ ಕುಟುಂಬ ಏನು ಮಾಡಬೇಕು? ಸಾಲಿನ ನಡುವೆ ಇರುವ ತನ್ನ ಎರಡು ಅಂಕಣವನ್ನು ಕೆಡವಬೇಕು. ಕೆಡವಿದ ದಿನವೇ ಪಕ್ಕದ ಮನೆಯ ತೊಲೆಗಳ ತುದಿ ಬಯಲಾಗುತ್ತದೆ. ಹಿಂದೆ ಒಳಗೋಡೆಯಾಗಿದ್ದದ್ದು ಹೊರಗೋಡೆಯಾಗಿ ಮಳೆಗೆ ಮೈಯೊಡ್ಡುತ್ತದೆ. ಆ ಗೋಡೆಯ ಎರಡು ಮುಖಗಳ ನಡುವೆ ತುಂಬಿರುವುದು ಮಣ್ಣು ಮತ್ತು ಚೂರುಗಲ್ಲು. ನೀರು ಒಳಗಿಳಿದರೆ ಹೊಟ್ಟೆ ಬಿಟ್ಟು ಬಿರಿಯುತ್ತದೆ. ಕಾಂಕ್ರೀಟು ಕಾಲಂ ಹಾಕಲು ಎರಿಮಣ್ಣಿನಲ್ಲಿ ಗುಂಡಿ ತೋಡಿದಾಗ ಹಳೆಯ ಗೋಡೆಯ ಬುಡ ಸಡಿಲವಾಗುತ್ತದೆ. ಹೊಸ ಮನೆಯ ಸ್ಲ್ಯಾಬು ಎರಡಡಿ ಮೇಲೆದ್ದು, ಅದರ ಪೈಪಿನ ನೀರು ನೇರ ನೆರೆಯವರ ಮಣ್ಣಿನ ಮಾಳಿಗೆಗೆ ಬೀಳುತ್ತದೆ.

ಎರಡು ಮಳೆಗಾಲ ಕಳೆಯುವುದರಲ್ಲಿ ಪಕ್ಕದ ಮನೆ ಬೀಳುತ್ತದೆ. ಪತ್ರಿಕೆಯಲ್ಲಿ ‘ಮಳೆಗೆ ಮಣ್ಣಿನ ಮನೆ ಕುಸಿತ’ ಎಂದು ಬರುತ್ತದೆ.

ಪರಿಹಾರದ ಲೆಕ್ಕವೂ ಇದಕ್ಕೆ ತಕ್ಕಂತೆಯೇ ಇತ್ತು. 2019ರ ನೆರೆಯ ನಂತರ ರಾಜ್ಯ ಸರಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಅಲ್ಪಸ್ವಲ್ಪ ಹಾನಿಗೆ ಸಿಕ್ಕದ್ದು ಅದರ ಸಣ್ಣ ಪಾಲು. ಮನೆ ಕಳೆದುಕೊಂಡವರಿಗೆ ಅಷ್ಟು ಹಣ ಕೊಟ್ಟದ್ದು ನ್ಯಾಯವೇ. ಆದರೆ ಒಂದು ಮೂಲೆ ಬಿದ್ದ ಮನೆಯನ್ನು ಆ ಮೂಲೆ ಕಟ್ಟಿ ಉಳಿಸಿಕೊಳ್ಳುವವನಿಗಿಂತ, ಉಳಿದ ಮೂರು ಮೂಲೆಯೂ ಬೀಳಲಿ ಎಂದು ಕಾಯುವವನಿಗೆ ಲಾಭವಾಗುವ ಏರ್ಪಾಡು ಅದು. ಇಂದಿರಾ ಆವಾಸ್ ಯೋಜನೆಯ ಕಾಲದಲ್ಲಿ ಹಳೆಯ ಮನೆಯ ಸುಧಾರಣೆಗೂ ಒಂದಿಷ್ಟು ಪಾಲು ಇತ್ತು. ಈಗ ದುರಸ್ತಿ ಎಂಬುದಕ್ಕೆ ಜಾಗವೇ ಇಲ್ಲ.

ಕಾಂಕ್ರೀಟಿನ ಪಕ್ಷದವರ ಕೈಯಲ್ಲಿ ಒಂದು ಗಟ್ಟಿ ವಾದವಿದೆ, ಅದರ ಹೆಸರು ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನ ಸುಮಾರು ನಾಲ್ಕು ಗಂಟೆಗೆ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತ ಭೂಮಿ ನಡುಗಿತು. ಸತ್ತವರು ಹತ್ತು ಸಾವಿರದ ಹತ್ತಿರ. ಆಳಂದ ಅಲ್ಲಿಂದ ನೇರ ಗೆರೆಯಲ್ಲಿ ಅರವತ್ತು ಕಿಲೋಮೀಟರ್ ಆಸುಪಾಸು. ಅಲ್ಲಿ ಜನರನ್ನು ಕೊಂದದ್ದು ಇಂಥವೇ ಮನೆಗಳು, ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ, ಮೇಲೆ ಟನ್ನುಗಟ್ಟಲೆ ಮಣ್ಣು. ಈ ಸಾವುಗಳನ್ನು ಬದಿಗಿಟ್ಟು ಮಾಳಿಗೆ ಮನೆಯನ್ನು ಹೊಗಳುವವರ ಮಾತಿಗೆ ಬೆಲೆಯಿಲ್ಲ.

ಆದರೆ ಕಿಲ್ಲಾರಿಯ ಪಾಠವನ್ನು ಅರ್ಧಕ್ಕೆ ಓದಿ ನಿಲ್ಲಿಸಿದವರೇ ಹೆಚ್ಚು. ಭೂಕಂಪದ ನಂತರ ಅಲ್ಲಿಗೆ ಹೋದ ಎಂಜಿನಿಯರರು ಕಂಡದ್ದು ಏನು? ಗೋಡೆಯ ಎರಡು ಮುಖಗಳನ್ನು ಹೆಣೆಯುವ ಉದ್ದಗಲ್ಲುಗಳಿರಲಿಲ್ಲ, ಮೂಲೆಗಳಿಗೆ ಕಟ್ಟು ಇರಲಿಲ್ಲ, ವರ್ಷವರ್ಷವೂ ಹಳೆಯದನ್ನು ತೆಗೆಯದೆ ಹೊಸ ಮಣ್ಣು ಹೇರಿ ಹೇರಿ ಮಾಳಿಗೆಯ ಭಾರ ಮಿತಿ ಮೀರಿತ್ತು. ಮಾಳಿಗೆಯ ಭಾರವನ್ನು ಕಂಬ ತೊಲೆಗಳ ಚೌಕಟ್ಟು ಹೊತ್ತಿದ್ದ ಎಷ್ಟೋ ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ಕಂಬದ ಮೇಲೆ ನಿಂತೇ ಇತ್ತು. ಕಂಬ ಹಾಕದೆ ಗೋಡೆಗೆ ನೇರ ಭಾರ ಕೊಟ್ಟ ಕಡೆ ಸಾವು ಹೆಚ್ಚು. ಅಂದರೆ ದೋಷ ಮಣ್ಣಿನದಾಗಲಿ ಕಲ್ಲಿನದಾಗಲಿ ಅಲ್ಲ, ಕೆಲಸದ ಕ್ರಮ ಕೈಬಿಟ್ಟದ್ದು. ಇಂಥ ಕಲ್ಲು ಮನೆಗಳನ್ನು ಗಟ್ಟಿ ಮಾಡುವುದು ಹೇಗೆ ಎಂದು ಭಾರತೀಯ ಮಾನಕ ಬ್ಯೂರೊ 1993ರಲ್ಲೇ ಐಎಸ್ 13828 ಎಂಬ ಮಾನಕ ತಂದಿದೆ. ಉದ್ದಗಲ್ಲು, ಮೂಲೆಯ ಹೆಣಿಗೆ, ಸುತ್ತುಪಟ್ಟಿ ಎಲ್ಲವೂ ಅದರಲ್ಲಿವೆ. ದುರಸ್ತಿಗೆ ಐಎಸ್ 13935, ಮಣ್ಣಿನ ಮನೆಗೆ ಐಎಸ್ 13827. ಮೂರು ದಶಕ ಕಳೆದರೂ ಈ ಮಾನಕಗಳು ಊರಿನ ಗೌಂಡಿಯ ಕೈಗೆ ತಲುಪಿಲ್ಲ. ತಲುಪಿದ್ದು ಸಿಮೆಂಟಿನ ಜಾಹೀರಾತು.

ಕಾಂಕ್ರೀಟು ಎಂದ ಮಾತ್ರಕ್ಕೆ ಭೂಕಂಪ ಹೆದರಿ ಓಡುವುದಿಲ್ಲ. 2001ರ ಜನವರಿ 26ರಂದು ಕಛ್‌ನಲ್ಲಿ ಭೂಮಿ ಕಂಪಿಸಿದಾಗ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಅಹಮದಾಬಾದಿನಲ್ಲಿ ಕುಸಿದು ನೂರಾರು ಜನರನ್ನು ಕೊಂದದ್ದು ಹೆಚ್ಚಾಗಿ ಹೊಸ ಆರ್‌ಸಿಸಿ ಬಹುಮಹಡಿಗಳು. 1.20 ಲಕ್ಷಕ್ಕೆ ಸಾಲ ಸೇರಿಸಿ, ಎಂಜಿನಿಯರರ ನಕ್ಷೆಯಿಲ್ಲದೆ, ಸವಳು ನೀರಿನಲ್ಲಿ ಕಲಸಿ, ಸರಳಿನ ಮೇಲೆ ಸರಿಯಾದ ಮುಚ್ಚಿಗೆಯಿಲ್ಲದೆ ಹೊಯ್ದ ಸ್ಲ್ಯಾಬು ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿದು ಪದರು ಉದುರಿಸುತ್ತದೆ. ಮಾಳಿಗೆ ಸೋರಿದರೆ ಮನೆಯವರೇ ಎರಡು ಬುಟ್ಟಿ ಮಣ್ಣು ಹಾಕಿ ತಡೆಯಬಹುದು. ಸರಳು ತುಕ್ಕು ಹಿಡಿದ ಸ್ಲ್ಯಾಬಿಗೆ ಮನೆಯವರು ಮಾಡಬಹುದಾದದ್ದು ತಗಡು ಹೊದಿಸುವುದಷ್ಟೆ. ಈಗ ಊರೂರಲ್ಲಿ ಪಕ್ಕಾ ಮನೆಗಳ ಮೇಲೆ ಪತ್ರಾಸು ಶೆಡ್ಡುಗಳು ಏಳುತ್ತಿರುವುದು ಸುಮ್ಮನೆ ಅಲ್ಲ.

ಕಿಲ್ಲಾರಿಯ ನಂತರದ ಪುನರ್ವಸತಿಯಲ್ಲೂ ನೋಡಬೇಕಾದ್ದಿದೆ. ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳ 52 ಹಳ್ಳಿಗಳನ್ನು ಪೂರ್ತಿ ಬೇರೆ ಕಡೆಗೆ ಎಬ್ಬಿಸಿ ಅಗಲ ರಸ್ತೆ, ಚೌಕಳಿ ನಿವೇಶನ, ಒಂಟಿ ಮನೆಗಳ ಹೊಸ ಊರು ಕಟ್ಟಿದರು. ಅಣ್ಣತಮ್ಮಂದಿರ ಮನೆಗಳು ಬೇರೆ ಬೇರೆ ಬೀದಿಗೆ ಹೋದವು. ದನ ಕಟ್ಟಲು ಜಾಗವಿಲ್ಲ, ಕಾಳು ಇಡಲು ಹಗೇವಿಲ್ಲ, ಸಂಜೆ ಕೂಡಲು ಕಟ್ಟೆಯಿಲ್ಲ. ಆಮೇಲೆ ಅಧ್ಯಯನ ಮಾಡಿದವರು ಈ ನಗರದ ನಕಾಶೆ ಹಳ್ಳಿಯ ಬದುಕಿಗೆ ಹೊಂದಲಿಲ್ಲ ಎಂದು ಬರೆದಿದ್ದಾರೆ. ಅದೇ ಕಾರ್ಯಕ್ರಮದಡಿ ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಇದ್ದಲ್ಲೇ ದುರಸ್ತಿ, ಬಲವರ್ಧನೆ, ಮರುನಿರ್ಮಾಣಕ್ಕೆ ನೆರವು ಸಿಕ್ಕಿತು ಎಂಬುದನ್ನು ಕರ್ನಾಟಕದ ಕಡೆ ಯಾರೂ ನೆನೆಯುವುದಿಲ್ಲ. ಗಡಿ ದಾಟಿ ಬಂದದ್ದು ಮಣ್ಣಿನ ಮನೆಯ ಭಯ, ದುರಸ್ತಿಯ ವಿದ್ಯೆ ಬರಲಿಲ್ಲ.

ಮನೆಯೊಳಗೆ ಕತ್ತಲು, ಹೊಗೆ, ಶೌಚಾಲಯವಿಲ್ಲ, ಇಲಿ ಹೆಗ್ಗಣಗಳ ಕಾಟ ಎಂಬ ದೂರುಗಳೂ ಇವೆ. ಎಲ್ಲವೂ ನಿಜ. ಇವುಗಳನ್ನು ಹೇಳುವವರು ಹೆಚ್ಚಾಗಿ ಹೆಂಗಸರು, ಏಕೆಂದರೆ ಹಗಲೆಲ್ಲ ಒಳಗಿರುವವರು ಅವರೇ. ಆದರೆ ಇವುಗಳಲ್ಲಿ ಯಾವುದಕ್ಕೂ ಮನೆ ಕೆಡವಬೇಕಾಗಿಲ್ಲ. ಅಡುಗೆ ಗ್ಯಾಸು ಬಂದರೆ ಹೊಗೆ ಹೋಗುತ್ತದೆ. ಬೆಳಕಿಂಡಿಗೆ ಗಾಜು ಹಾಕಿದರೆ ಮಳೆಯಲ್ಲೂ ಬೆಳಕು ಬರುತ್ತದೆ. ಶೌಚಾಲಯಕ್ಕೆ ಸ್ವಚ್ಛ ಭಾರತ ಯೋಜನೆಯಡಿ 12,000 ರೂಪಾಯಿ ಬೇರೆಯೇ ಸಿಗುತ್ತದೆ. ಮಾಳಿಗೆಯ ಹಳೆಯ ಮಣ್ಣು ಇಳಿಸಿ, ಭಾರ ಕಡಿಮೆ ಮಾಡಿ, ನಡುವೆ ತಾಡಪಾಲು ಹಾಸಿ, ಮೇಲೆ ಫರಸಿ ಕೂಡಿಸಿದರೆ ಸೋರಿಕೆಯೂ ನಿಲ್ಲುತ್ತದೆ, ಹೆಗ್ಗಣಕ್ಕೆ ಬಿಲವೂ ಇಲ್ಲ.

ಇನ್ನೊಂದು ದೂರು ಇದಕ್ಕಿಂತ ಭಾರವಾದದ್ದು. ಈ ಓಣಿಗಳು ಜಾತಿಯ ಓಣಿಗಳಾಗಿದ್ದವು. ಗೌಡರ ವಾಡೆ ಅಗಸಿಯ ಹತ್ತಿರ, ಹೊಲೆಗೇರಿ ಊರ ಹೊರಗೆ. ಸಾಲಿನೊಳಗೆ ನಡುಗೋಡೆಯ ಆಸರೆ ಸಿಕ್ಕದ್ದು ಒಂದೇ ಜಾತಿಯವರಿಗೆ ಮಾತ್ರ. ವಾಡೆಯ ಕಂಬದ ಕೆತ್ತನೆಯನ್ನು ಹೊಗಳುವ ಲೇಖನಗಳು ಇದನ್ನು ಜಾಣತನದಿಂದ ಮರೆಯುತ್ತವೆ. ದಲಿತ ಕೇರಿಯ ಹುಡುಗನಿಗೆ ಆರ್‌ಸಿಸಿ ಮನೆ ಗೌರವದ ಗುರುತಾಗಿದ್ದರೆ ಆ ಗೌರವವನ್ನು ಅಲ್ಲಗಳೆಯುವ ಹಕ್ಕು ಯಾರಿಗೂ ಇಲ್ಲ. ಹಾಗೆಂದು ಆ ಗೌರವವನ್ನು ಸಿಮೆಂಟಿನ ಚೀಲಕ್ಕೆ ಕಟ್ಟಿಹಾಕಿದವರು ಯಾರು? ಕಲ್ಲು ಕಡಿದವರು, ಗೋಡೆ ಕಟ್ಟಿದವರು, ಮಾಳಿಗೆಗೆ ಮಣ್ಣು ಹೊತ್ತವರು ಬಹುಮಟ್ಟಿಗೆ ದುಡಿಯುವ ಜಾತಿಗಳವರೇ. ಅವರ ಕೈಕೆಲಸವನ್ನು ‘ಕಚ್ಚಾ’ ಎಂದು ಕರೆದದ್ದೇ ಮೊದಲ ಅವಮಾನ. ಕಾಂಕ್ರೀಟು ಬಂದ ಮೇಲೂ ಕೇರಿ ಕೇರಿಯಾಗಿಯೇ ಉಳಿದಿದೆ.

ಪರಂಪರೆಯ ಪಕ್ಷದವರೂ ಈ ಸಾಲಿಗೆ ನ್ಯಾಯ ಮಾಡಿಲ್ಲ. 1961ರ ಕರ್ನಾಟಕ ಪ್ರಾಚೀನ ಹಾಗೂ ಐತಿಹಾಸಿಕ ಸ್ಮಾರಕಗಳ ಕಾಯ್ದೆಯ ಪ್ರಕಾರ ನೂರು ವರ್ಷ ಕಂಡ ಕಟ್ಟಡವನ್ನು ಸ್ಮಾರಕವೆಂದು ಪರಿಗಣಿಸಬಹುದು. ಪಟ್ಟಿಗೆ ಸೇರುವುದು ಮಾತ್ರ ಕೋಟೆ, ಗುಡಿ, ಗುಂಬಜ್. ಸೇರಿದರೂ ಒಳಗಿರುವ ಜನರಿಗೆ ನೆಮ್ಮದಿಯಿಲ್ಲ. ಹಂಪಿಯ ವಿರೂಪಾಕ್ಷ ಬಜಾರಿನ ಮಂಟಪ ಸಾಲಿನಲ್ಲಿ ಬದುಕುತ್ತಿದ್ದ ಕುಟುಂಬಗಳ ಮನೆ ಅಂಗಡಿಗಳನ್ನು 2011ರ ಜುಲೈನಲ್ಲಿ ಜೆಸಿಬಿ ತಂದು ಕೆಡವಿದರು. ಕಲ್ಲು ಉಳಿಯಿತು, ಜನ ಎದ್ದು ಹೋದರು. ಇನ್ನೊಂದು ಕಡೆ ಇಳಕಲ್ಲಿನ ನೇಕಾರರ ಮನೆಯೊಂದನ್ನು ಚೆನ್ನೈ ಬಳಿಯ ದಕ್ಷಿಣಚಿತ್ರ ಸಂಗ್ರಹಾಲಯದಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದ್ದಾರೆ. ಅದು ಒಳ್ಳೆಯ ಕೆಲಸವೇ. ಆದರೆ ಒಂದು ಮನೆಯನ್ನು ಹೊತ್ತು ತರಬಹುದು, ಓಣಿಯನ್ನು ತರಲು ಬರುವುದಿಲ್ಲ. ಕೆತ್ತನೆಯ ಕಂಬ, ಬಾಗಿಲುವಾಡಗಳಂತೂ ಹಳೆಯ ಸಾಮಾನಿನ ವ್ಯಾಪಾರಿಗಳ ಲಾರಿ ಏರಿ ನಗರದ ರೆಸಾರ್ಟುಗಳ ಅಲಂಕಾರವಾಗುತ್ತಿವೆ. ಕಚ್ಚಾ ಮನೆಯ ಕಂಬಕ್ಕೆ ಅಲ್ಲಿ ಪಕ್ಕಾ ಬೆಲೆ.

ಸಾಲನ್ನು ಸಾಲಾಗಿಯೇ ನೋಡುವ ಕ್ರಮ ಜಗತ್ತಿನಲ್ಲಿ ಇಲ್ಲದ್ದೇನಲ್ಲ. ಇಂಗ್ಲೆಂಡಿನ ಬಾತ್ ಊರಿನಲ್ಲಿ 1767ರಿಂದ 1774ರ ನಡುವೆ ಕಟ್ಟಿದ ರಾಯಲ್ ಕ್ರೆಸೆಂಟ್ ಎಂಬ ಅರ್ಧಚಂದ್ರಾಕಾರದ ಸಾಲಿನಲ್ಲಿ 30 ಮನೆಗಳಿವೆ. ಮುಂಭಾಗ ಎಲ್ಲಕ್ಕೂ ಒಂದೇ, ಹಿಂಭಾಗ ಅವರವರ ಇಷ್ಟದಂತೆ. ಅಲ್ಲಿ ಜನ ವಾಸವಿದ್ದಾರೆ, ಸಾಲಿಗೆ ಅತ್ಯುನ್ನತ ದರ್ಜೆಯ ರಕ್ಷಣೆಯಿದೆ. 1970ರ ದಶಕದಲ್ಲಿ ಒಬ್ಬ ನಿವಾಸಿ ಬಾಗಿಲಿಗೆ ಹಳದಿ ಬಣ್ಣ ಬಳಿದದ್ದೇ ದೊಡ್ಡ ವ್ಯಾಜ್ಯವಾಯಿತು. ಇಂಗ್ಲೆಂಡು, ವೇಲ್ಸ್‌ಗಳ 1996ರ ನಡುಗೋಡೆ ಕಾಯ್ದೆಯ ಪ್ರಕಾರ ಹಂಚಿಕೊಂಡ ಗೋಡೆಯನ್ನು ಕಡಿಯುವ, ಕೆಡವುವ ಮೊದಲು ನೆರೆಯವರಿಗೆ ಎರಡು ತಿಂಗಳ ನೋಟಿಸು ಕೊಡಬೇಕು. ಅಷ್ಟು ದೂರ ಹೋಗುವುದು ಬೇಡವೆಂದರೆ ಅಹಮದಾಬಾದಿದೆ. ಅಲ್ಲಿನ ಹಳೆಯ ಪೋಳ್‌ಗಳು, ಅಂದರೆ ಒಂದೇ ಬಾಗಿಲಿನೊಳಗೆ ಗೋಡೆಗೆ ಗೋಡೆ ಕೂಡಿದ ಮನೆಗಳ ಓಣಿಗಳು, 2017ರಲ್ಲಿ ಆ ನಗರಕ್ಕೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ತಂದುಕೊಟ್ಟವು. ಇಡೀ ನಗರಕ್ಕೆ ಆ ಪಟ್ಟ ಸಿಕ್ಕದ್ದು ದೇಶದಲ್ಲಿ ಅದೇ ಮೊದಲು.

ವಿದ್ಯೆಯೂ ಕರ್ನಾಟಕದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ 1974ರಲ್ಲಿ ‘ಅಸ್ತ್ರ’ ಕೇಂದ್ರವನ್ನು ಶುರುಮಾಡಿದರು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಒತ್ತುಮಣ್ಣಿನ ಇಟ್ಟಿಗೆ, ಮಣ್ಣಿನ ಕಟ್ಟಡದ ಬಲವರ್ಧನೆಯ ಮೇಲೆ ದಶಕಗಟ್ಟಲೆ ದುಡಿದರು. ಇಂದು ಬೆಂಗಳೂರಿನ ಉಳ್ಳವರು ಆ ಇಟ್ಟಿಗೆಯಲ್ಲಿ ಮನೆ ಕಟ್ಟಿಸಿ ಪರಿಸರಸ್ನೇಹಿ ಎನಿಸಿಕೊಳ್ಳುತ್ತಾರೆ. ಅದೇ ಮಣ್ಣು ಜೇವರ್ಗಿಯ ರೈತನ ತಲೆಯ ಮೇಲಿದ್ದರೆ ಹಿಂದುಳಿದಿರುವಿಕೆ. 2002ರ ನಂಜುಂಡಪ್ಪ ವರದಿ ಆಳಂದ, ಅಫಜಲಪುರ, ಜೇವರ್ಗಿ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. ಶಾಲೆ, ಆಸ್ಪತ್ರೆ, ನೀರಾವರಿ, ಉದ್ಯೋಗದಲ್ಲಿ ಹಿಂದೆ ಬಿದ್ದದ್ದು ಯಾರೂ ಅಲ್ಲಗಳೆಯಲಾಗದ ಸತ್ಯ. ಹಿಂದುಳಿದವರ ಮನೆ ಕಟ್ಟುವ ವಿದ್ಯೆಯೂ ಹಿಂದುಳಿದದ್ದೇ ಇರಬೇಕು ಎಂದು ತೀರ್ಮಾನಿಸಿದ್ದು ಮಾತ್ರ ಅಧಿಕಾರಿಗಳ ಸೋಮಾರಿತನ.

ಭೀಮೆಯ ದಂಡೆಯ ತಗ್ಗಿನ ಊರುಗಳ ಮಾತು ಬೇರೆ. 2020ರ ಅಕ್ಟೋಬರಿನಲ್ಲಿ ಮೇಲಿನಿಂದ ಬಿಟ್ಟ ನೀರು ಸೊನ್ನ ಬ್ಯಾರೇಜು ದಾಟಿ ಅಫಜಲಪುರ, ಜೇವರ್ಗಿಯ ಹಳ್ಳಿಗಳಿಗೆ ನುಗ್ಗಿದಾಗ ಮಣ್ಣಿನ ಗಾರೆಯ ಗೋಡೆಗಳು ನೆನೆದು ಕುಸಿದವು. ನೆರೆ ನಿಲ್ಲುವ ಜಾಗದಲ್ಲಿ ಮಾಳಿಗೆ ಸಾಲನ್ನು ಉಳಿಸಬೇಕೆಂದು ಹಟ ಮಾಡುವುದು ಜನರ ಜೀವದ ಜೊತೆ ಆಟ. ಅಂಥ ಊರುಗಳನ್ನು ಎತ್ತರಕ್ಕೆ ಎಬ್ಬಿಸಲೇಬೇಕು. ಎಬ್ಬಿಸುವಾಗ ಹೊಸ ಊರನ್ನೂ ಓಣಿಯಾಗಿ, ಕಟ್ಟೆಯೊಂದಿಗೆ, ನೆರಳು ಕೊಡುವ ಕೂಡುಗೋಡೆಯೊಂದಿಗೆ ಕಟ್ಟಬಹುದು. ದಂಡೆಯಿಂದ ದೂರದ ನೂರಾರು ಊರುಗಳಿಗೆ ನದಿಯ ದಂಡೆಯ ತೀರ್ಪನ್ನು ಹೇರುವುದಕ್ಕೆ ಯಾವ ಕಾರಣವೂ ಇಲ್ಲ.

ಆಗಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ. 1.20 ಲಕ್ಷದ ನೆರವನ್ನು ಹೊಸ ಮನೆಗೋ ಹಳೆಯ ಮನೆಯ ಬಲವರ್ಧನೆಗೋ ಬಳಸುವ ಆಯ್ಕೆ ಕುಟುಂಬಕ್ಕಿರಲಿ. ಸ್ವಾಮಿತ್ವ ಯೋಜನೆಯಡಿ ಡ್ರೋನ್ ಹಾರಿಸಿ ಗ್ರಾಮಠಾಣಾದ ಆಸ್ತಿಗಳ ನಕ್ಷೆ ತೆಗೆಯುವಾಗ ನಡುಗೋಡೆ ಯಾವುದು, ಅದರ ಮೇಲೆ ಯಾರ ಯಾರ ತೊಲೆಯಿದೆ ಎಂಬುದೂ ದಾಖಲಾಗಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ತನ್ನ ಅನುದಾನದ ಒಂದು ಸಣ್ಣ ಪಾಲನ್ನು ಗೌಂಡಿಗಳಿಗೆ, ಬಡಿಗರಿಗೆ ಐಎಸ್ 13828 ಕಲಿಸಲು ಇಡಲಿ. ಆಳಂದ ತಾಲ್ಲೂಕಿನಲ್ಲೇ ಇರುವ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ, ಕಲಬುರಗಿಯ ಎಂಜಿನಿಯರಿಂಗ್ ಕಾಲೇಜುಗಳೂ ತಮ್ಮ ವಿದ್ಯಾರ್ಥಿಗಳನ್ನು ಒಂದೊಂದು ಓಣಿಗೆ ಕಳಿಸಿ, ಉಳಿದಿರುವ ಸಾಲುಗಳನ್ನು ಅಳೆದು, ಮೇ ತಿಂಗಳಲ್ಲಿ ಮಾಳಿಗೆಯಡಿ ಎಷ್ಟು, ಸ್ಲ್ಯಾಬಿನಡಿ ಎಷ್ಟು ಎಂದು ಉಷ್ಣಾಂಶ ಬರೆದಿಡಲಿ. ಮುಂದಿನ ಗಣತಿಯ ಪಟ್ಟಿ ಮಣ್ಣಿನ ಮಾಳಿಗೆಯನ್ನು ಹುಲ್ಲಿನ ಚಾವಣಿಯಿಂದ ಬೇರ್ಪಡಿಸಿ ಎಣಿಸಲಿ.

ಇದೆಲ್ಲ ಆಗುವವರೆಗೆ ಪಂಚಾಯಿತಿಗಳು ನಾಳೆಯಿಂದಲೇ ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ಬೆಂಗಳೂರಿನ ಆದೇಶವೂ ಬೇಕಿಲ್ಲ, ಹಣವೂ ಬೇಕಿಲ್ಲ. ಸಾಲಿನ ನಡುವಿನ ಮನೆಯೊಂದನ್ನು ಕೆಡವಿ ಕಟ್ಟಲು ಅರ್ಜಿ ಬಂದಾಗ, ಮಂಜೂರಾತಿಗೆ ಮುಂಚೆ ಎರಡೂ ಪಕ್ಕದ ಮನೆಯವರನ್ನು ಕರೆಸಿ, ಅವರ ತೊಲೆಗಳಿಗೆ ಆಸರೆ ಏನು, ಬಯಲಾಗುವ ಗೋಡೆಗೆ ಹೊದಿಕೆ ಏನು, ಸ್ಲ್ಯಾಬಿನ ನೀರು ಎಲ್ಲಿಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆಸಿಕೊಂಡು ಮೂವರ ಸಹಿ ಹಾಕಿಸಲಿ.